ನಿಮ್ಮ ಅರ್ಜಿ ಈಗ ಯಾರ ಮೇಜಿನ ಮೇಲೆ ಉಂಟು? ಕದ್ರಿಯ ಕೂಟ, 1831

ಸ್ಟೇಟ್‌ಬ್ಯಾಂಕಿನಿಂದ ಹೊರಟ ಬಸ್ಸಲ್ಲಿ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ನಿಂತವರಿಗೆ ವಿಶೇಷ ನಮಸ್ಕಾರ. ಇವತ್ತು ಸುಮಾರು ಇನ್ನೂರು ವರ್ಷ ಹಿಂದಿನ ಕೆಲವು ಕಾಗದಗಳ ಕಥೆ ಹೇಳ್ತೇನೆ. ಸ್ಕಿಪ್ ಮಾಡ್ಬೇಡಿ ಮಾರಾಯ್ರೆ, ಕಥೆ ಶುರುವಾಗೋದು ನಮ್ಮ ಮನೆಯಿಂದಲೇ.

ಹೋದ ವರ್ಷ ನಮ್ಮ ಅಜ್ಜಿಯ ಆರ್‌ಟಿಸಿಯಲ್ಲಿ ಹೆಸರು ತಪ್ಪಾಗಿದ್ದದ್ದು ಗೊತ್ತಾಯ್ತು. ಆಧಾರ್‌ನಲ್ಲಿ ಒಂದು, ಆರ್‌ಟಿಸಿಯಲ್ಲಿ ಇನ್ನೊಂದು. ಸರಿ ಮಾಡ್ಲಿಕ್ಕೆ ಒಂದು ಕಚೇರಿಗೆ ಅರ್ಜಿ ಕೊಟ್ಟೆವು. ನಾಲ್ಕು ಸಲ ಹೋದೆವು, ಆಗ್ಲಿಲ್ಲ. ಆಮೇಲೆ ಆ ಕಚೇರಿಯ ಮೇಲೆಯೇ ದೂರು ಬರೆದು ಅದರ ಮೇಲಿನ ಕಚೇರಿಗೆ ಕೊಟ್ಟೆವು. ಎರಡು ತಿಂಗಳ ನಂತರ ಒಂದು ಕಾಗದ ಬಂತು. ನಿಮ್ಮ ಅರ್ಜಿಯನ್ನು ಪರಿಶೀಲಿಸಿ ನಿಯಮಾನುಸಾರ ಕ್ರಮ ಕೈಗೊಳ್ಳುವಂತೆ ಸದರಿ ಕಚೇರಿಗೆ ಕಳುಹಿಸಲಾಗಿದೆ ಅಂತ. ಸದರಿ ಕಚೇರಿ ಅಂದ್ರೆ ಯಾವುದು? ನಾವು ಯಾರ ಮೇಲೆ ದೂರು ಕೊಟ್ಟೆವೋ ಅದೇ! ನಾನು ಓದಿ ಹೇಳಿದೆ. ಅಜ್ಜಿ ಕೇಳಿದ್ರು, "ಹಾಗಾದ್ರೆ ತಿರುಗಿ ಅದೇ ಕಿಟಕಿಗೆ ಹೋಗ್ಲಿಕ್ಕಾ ಮಗಾ?"

ಅಜ್ಜಿಯ ಆ ಪ್ರಶ್ನೆ ತಲೆಯಲ್ಲಿ ಇಟ್ಟುಕೊಳ್ಳಿ. ಈಗ 1799ಕ್ಕೆ ಹೋಗುವ.

ಆ ವರ್ಷ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸುಲ್ತಾನ್ ತೀರಿಹೋದರು. ನಮ್ಮ ಕರಾವಳಿ ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂತು. ಇವತ್ತಿನ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ, ಕಾಸರಗೋಡು, ಇಷ್ಟೂ ಸೇರಿ ಆಗ ಕೆನರಾ ಎಂಬ ಒಂದೇ ಜಿಲ್ಲೆ. ಅದು ಮದ್ರಾಸ್ ಪ್ರೆಸಿಡೆನ್ಸಿಗೆ ಸೇರಿತು. ಮೊದಲ ಕಲೆಕ್ಟರ್ ಆಗಿ ಬಂದದ್ದು ಥಾಮಸ್ ಮನ್ರೋ, ಸ್ಕಾಟ್ಲೆಂಡಿನವ. ಮುಂದೆ ಮದ್ರಾಸಿನ ಗವರ್ನರ್ ಆದದ್ದೂ ಇದೇ ಮನ್ರೋ. ಇಲ್ಲಿ ಇದ್ದದ್ದು ಒಂದು ವರ್ಷಕ್ಕಿಂತ ಸ್ವಲ್ಪ ಹೆಚ್ಚು ಅಷ್ಟೇ. ಆದರೆ 1800ರ ಮೇ 31ರಂದು ಮದ್ರಾಸಿನ ರೆವಿನ್ಯೂ ಬೋರ್ಡಿಗೆ ಅವನು ಕಳಿಸಿದ ವರದಿಯನ್ನು ಆಮೇಲೆ ಬಂದ ಅಧಿಕಾರಿಗಳೆಲ್ಲ ತಿರುವಿ ತಿರುವಿ ನೋಡಿದ್ದಾರೆ. ಈ ಜಿಲ್ಲೆಯಲ್ಲಿ ಭೂಮಿ ಜನರ ಸ್ವಂತ ಆಸ್ತಿ, ಅದಕ್ಕೆ ತುಂಬ ಹಳೆಯ ಲೆಕ್ಕ ಇದೆ ಅಂತ ಅವನು ಅದರಲ್ಲಿ ಬರೆದ.

ಆ ಹಳೆಯ ಲೆಕ್ಕ ಇದ್ದದ್ದು ಕಡತಗಳಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲಿನ ಪುಡಿ ಸವರಿ ಕಪ್ಪು ಮಾಡಿ, ಒಣಗಿಸಿ, ಮಡಚಿ ಪುಸ್ತಕ ಮಾಡ್ತಿದ್ದರು. ಅದರ ಮೇಲೆ ಬಳಪದಲ್ಲಿ ಬರೆಯುವುದು. ಶಾನುಭೋಗರ ಮನೆಯಲ್ಲಿ ಇವು ತಲೆಮಾರುಗಟ್ಟಲೆ ಉಳಿಯುತ್ತಿದ್ದವು. ಇವತ್ತು ಸರ್ಕಾರಿ ಕಚೇರಿಯಲ್ಲಿ ಫೈಲಿಗೆ ಕಡತ ಅಂತಾರಲ್ಲ, "ಕಡತ ವಿಲೇವಾರಿ", ಆ ಪದ ಅಲ್ಲಿಂದಲೇ ಬಂದದ್ದು. ಬಟ್ಟೆ ಹೋಗಿ ಕಾಗದ ಬಂತು, ಹೆಸರು ಮಾತ್ರ ಉಳಿಯಿತು.

ಅರ್ಜಿ ಅನ್ನುವ ಪದವೂ ಹಳೆಯದೇ. ಅರಬ್ಬಿ, ಪಾರ್ಸಿ ದಾರಿಯಲ್ಲಿ ಕನ್ನಡಕ್ಕೆ ಬಂದದ್ದು. ತಹಶೀಲ್ದಾರ್, ಶಿರಸ್ತೇದಾರ್, ಜಮಾಬಂದಿ, ವಸೂಲಿ, ತಕರಾರು, ರುಜು, ಎಲ್ಲ ಅದೇ ದಾರಿ. ಕಂಪನಿಯವರು ಈ ಪದಗಳನ್ನು ತೆಗೆದುಹಾಕಲಿಲ್ಲ, ಹಾಗೇ ಬಳಸಿಕೊಂಡರು. ನಾವೂ ಹಾಗೇ ಬಳಸ್ತಾ ಇದ್ದೇವೆ.

ಈಗ 1830ರ ಒಬ್ಬ ರೈತನ ಅರ್ಜಿ ಎಲ್ಲಿಂದ ಎಲ್ಲಿಗೆ ಹೋಗ್ತದೆ ನೋಡುವ. ಮಂಜೇಶ್ವರದ ರೈತ ಅಂತಿಟ್ಟುಕೊಳ್ಳಿ. ಅವನಿಗೆ ಬರೆಯಲು ಬಾರದಿದ್ದರೆ ಬಲ್ಲವರ ಹತ್ತಿರ ಬರೆಸಬೇಕು. ಊರಲ್ಲಿ ಲೆಕ್ಕ ಬರೆಯುವವರು ಶಾನುಭೋಗರು, ಎಷ್ಟೋ ಸಲ ದೂರು ಇರೋದೇ ಅವರ ಲೆಕ್ಕದ ಮೇಲೆ. ಅರ್ಜಿ ತಾಲೂಕಿನ ತಹಶೀಲ್ದಾರರಿಗೆ, ಅಲ್ಲಿಂದ ಮಂಗಳೂರಿನ ಹುಜೂರು ಕಚೇರಿಗೆ, ಅಂದ್ರೆ ಕಲೆಕ್ಟರ ಕಚೇರಿಗೆ. ಕಲೆಕ್ಟರ್ ಇಂಗ್ಲಿಷಿನವರು. ಅವರಿಗೂ ಕನ್ನಡದ ಕಾಗದಕ್ಕೂ ನಡುವೆ ನಿಂತಿರೋದು ಶಿರಸ್ತೇದಾರರು. ಯಾವ ಅರ್ಜಿ ಮೇಲೆ ಬರಬೇಕು, ಅದರ ಸಾರಾಂಶ ಏನು, ಎಷ್ಟೋ ಮಟ್ಟಿಗೆ ಅವರ ಕೈಯಲ್ಲಿ. ಅಲ್ಲಿಂದ ಇಂಗ್ಲಿಷಿನಲ್ಲಿ ಮದ್ರಾಸಿನ ರೆವಿನ್ಯೂ ಬೋರ್ಡಿಗೆ, ಗವರ್ನರ್ ಕೌನ್ಸಿಲಿಗೆ, ತುಂಬ ದೊಡ್ಡ ವಿಷಯ ಆದರೆ ಹಡಗು ಹತ್ತಿ ಆಫ್ರಿಕಾ ಸುತ್ತಿ ಲಂಡನ್ನಿಗೆ. ಉತ್ತರ ಬರಬೇಕಾದರೆ ತಿಂಗಳುಗಟ್ಟಲೆ. ಅಷ್ಟರಲ್ಲಿ ಮುಂದಿನ ಕಿಸ್ತು ಕಟ್ಟುವ ದಿನ ಬಂದಿರ್ತದೆ.

ಹಾಗಾದರೆ ಅವರಿಗೆ ಕಷ್ಟ ಇದ್ದದ್ದಾದರೂ ಏನು? ನಾನು ಬಿಕಾಂ ಓದಿದವ, ಈ ಭಾಗ ನನಗೆ ಇಷ್ಟ. 1819-20ರಲ್ಲಿ ಇಲ್ಲಿ ತರಾವು ಅಂತ ಒಂದು ಕಂದಾಯ ನಿಗದಿ ಮಾಡಿದರು. ಕಂಪನಿ ಬಂದ ಮೇಲಿನ ವರ್ಷಗಳಲ್ಲಿ ಒಂದೊಂದು ಜಮೀನಿನಿಂದ ಎಷ್ಟೆಷ್ಟು ವಸೂಲಿ ಆಗಿತ್ತೋ ಅದರ ಸರಾಸರಿ ತೆಗೆದು, ಇನ್ನು ಇಷ್ಟು ಕಟ್ಟಿ ಅಂದರು. ಕೇಳಲು ನ್ಯಾಯವಾಗೇ ಉಂಟು. ಆದರೆ ನಮ್ಮ ಊರಿನ ಅಕ್ಕಿ ಗೋವಾ, ಮುಂಬಯಿ, ಮಲಬಾರು, ಅರಬ್ಬಿ ದೇಶಗಳಿಗೆ ಹೋಗುವ ಮಾಲು. ಕ್ರಯ ಚೆನ್ನಾಗಿದ್ದ ಕಾಲದ ವಸೂಲಿಯ ಮೇಲೆ ಸರಾಸರಿ ಕಟ್ಟಿದರು, ಆಮೇಲೆ ಕ್ರಯ ಇಳಿಯಿತು. ಕಂದಾಯ ಕಟ್ಟಬೇಕಾದ್ದು ರೊಕ್ಕದಲ್ಲಿ, ಅದು ಇಳಿಯಲಿಲ್ಲ. ನಿಮ್ಮ ಕಾರ್ ಲೋನಿನ ಇಎಂಐ ಅಷ್ಟೇ ಇದ್ದು ಸಂಬಳ ಅರ್ಧ ಆದರೆ ಹೇಗೆ? ಹಾಗೆ. ಮೊದಲು ಹತ್ತು ಮುಡಿ ಅಕ್ಕಿ ಮಾರಿ ಕಟ್ಟುತ್ತಿದ್ದವನು ಈಗ ಹದಿನೈದೋ ಇಪ್ಪತ್ತೋ ಮಾರಬೇಕು. ಅದರ ಮೇಲೆ ಉಪ್ಪು, ಹೊಗೆಸೊಪ್ಪಿನ ವ್ಯಾಪಾರ ಪೂರ್ತಿ ಕಂಪನಿಯ ಹಿಡಿತದಲ್ಲಿ.

1830ರ ನವೆಂಬರಿನಲ್ಲಿ ಕಾಸರಗೋಡು, ಕುಂಬಳೆ, ಮೊಗ್ರಾಲ್, ಮಂಜೇಶ್ವರ, ತಲಪಾಡಿ ಕಡೆಯ ರೈತರು ಅರ್ಜಿ ಕೊಟ್ಟರು. ಒಬ್ಬೊಬ್ಬನದ್ದು ಒಂದೊಂದು ಅಲ್ಲ, ಊರಿನವರು ಸೇರಿ ಕೊಟ್ಟ ಸಾಮೂಹಿಕ ಅರ್ಜಿಗಳು. ತಮಗಾದ ನಷ್ಟದ ಪಟ್ಟಿ, ತೀರ್ವೆ ಭಾರವಾಗಿದೆ ಎಂಬ ದೂರು, ಶಾನುಭೋಗರ ಲೆಕ್ಕದ ಮೇಲೆ ದೂರು, ವಿನಾಯಿತಿ ಕೊಡಿ ಎಂಬ ಬೇಡಿಕೆ. ಮಂಗಳೂರಿನಲ್ಲಿ ಆಗ ಡಿಕಿನ್‌ಸನ್ ಎಂಬವರು ಕಲೆಕ್ಟರ್.

ಇಲ್ಲಿ ಒಂದು ವಿಷಯ ಗಮನಿಸಿ. ಇವರು ಕತ್ತಿ ಹಿಡಿದು ಶುರು ಮಾಡಿದವರಲ್ಲ, ಕಾಗದ ಹಿಡಿದು ಶುರು ಮಾಡಿದವರು. ಸರ್ಕಾರ ಹೇಳಿದ ದಾರಿಯಲ್ಲೇ, ಸರ್ಕಾರದ ಪದಗಳಲ್ಲೇ ಕೇಳಿದರು.

ಕೇಳಿದ್ದು ಸಿಗಲಿಲ್ಲ. 1831ರ ಜನವರಿ ಹೊತ್ತಿಗೆ ಅರ್ಜಿ ಹೋಗಿ ಕೂಟ ಆಯ್ತು. ಕೂಟ ಅಂದ್ರೆ ಊರವರು ಒಂದು ಕಡೆ ಸೇರಿ, ಕೂತು ಮಾತಾಡಿ, ಒಂದು ತೀರ್ಮಾನಕ್ಕೆ ಬರುವುದು. ಸೇರಿದ್ದು ದೇವಸ್ಥಾನದ ಅಂಗಳಗಳಲ್ಲಿ. ದೊಡ್ಡ ಕೂಟ ನಡೆದದ್ದು ಕದ್ರಿ ಮಂಜುನಾಥ ದೇವಸ್ಥಾನದಲ್ಲಿ. ಹೌದು, ನೀವು ಜಾತ್ರೆಗೆ ಹೋಗಿ ಚುರುಮುರಿ ತಿನ್ನುವ ಅದೇ ಕದ್ರಿ. ಬಾರ್ಕೂರು, ಬಂಟ್ವಾಳ, ಮೂಲ್ಕಿ, ವಿಟ್ಲ, ಹೀಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುದ್ದಿ ಹಬ್ಬಿತು. ತೀರ್ಮಾನ ಸರಳ: ಕಂದಾಯ ಕಡಿಮೆ ಮಾಡುವವರೆಗೆ ಕಟ್ಟುವುದಿಲ್ಲ. ಗಾಂಧೀಜಿ ಹುಟ್ಟಿದ್ದು 1869ರಲ್ಲಿ. ಅದಕ್ಕೆ 38 ವರ್ಷ ಮೊದಲೇ ಮಂಗಳೂರಿನಲ್ಲಿ ಕರನಿರಾಕರಣೆ ನಡೆದಿತ್ತು. ಇತಿಹಾಸದವರು ಇದಕ್ಕೆ ಕೂಟ ದಂಗೆ ಅಂತಾರೆ.

ಸರ್ಕಾರ ಏನು ಮಾಡಿತು? ಎಲ್ಲ ಸರ್ಕಾರ ಮಾಡುವುದನ್ನೇ ಮಾಡಿತು, ವಿಚಾರಣೆಗೆ ಒಬ್ಬರನ್ನು ಕಳಿಸಿತು. ರೆವಿನ್ಯೂ ಬೋರ್ಡಿನ ಸದಸ್ಯ ಸ್ಟೋಕ್ಸ್ ಬಂದರು. 1833ರ ಜನವರಿಯಲ್ಲಿ ವರದಿ ಕೊಟ್ಟರು. ಅವರ ಪ್ರಕಾರ ಒಟ್ಟಾರೆ ಕಂದಾಯ ಅಷ್ಟೇನೂ ಭಾರ ಅಲ್ಲ. ಗಲಾಟೆಗೆ ಮುಖ್ಯ ಕಾರಣ ಕಚೇರಿಯೊಳಗಿನ ದೇಶೀ ನೌಕರರ ಗುಂಪುಗಾರಿಕೆ, ಹುದ್ದೆಗಾಗಿ ನಡೆದ ಪಿತೂರಿ.

ಇದನ್ನು ಓದಿದಾಗ ನಾನು ಫೋನ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಪಿತೂರಿ ಇದ್ದಿರಬಹುದು ಕೂಡ. ಕಚೇರಿ ಇದ್ದ ಕಡೆ ಗುಂಪು ಇದ್ದೇ ಇರ್ತದೆ. ಆದರೆ ರೈತ ಬರೆದದ್ದು "ನನಗೆ ಕಟ್ಟಲು ಆಗ್ತಾ ಇಲ್ಲ" ಅಂತ. ಮೇಲಿನವರು ಅದರಲ್ಲಿ ಹುಡುಕಿದ್ದು "ಇವನ ಹಿಂದೆ ಯಾರಿದ್ದಾರೆ" ಅಂತ. ಇವತ್ತು ರಸ್ತೆಗೋ, ನೀರಿಗೋ, ಕಾಲೇಜಿನ ಫೀಸಿಗೋ ನಾಲ್ಕು ಜನ ಸೇರಿ ಮನವಿ ಕೊಟ್ಟರೆ ಮೊದಲು ಕೇಳುವ ಪ್ರಶ್ನೆ ಯಾವುದು ಹೇಳಿ?

ಆದರೂ ಕೂಟ ಸಂಪೂರ್ಣ ಸೋತಿತು ಅನ್ನೋ ಹಾಗಿಲ್ಲ. ಆಮೇಲೆ ಜಮೀನುಗಳನ್ನು ಎರಡು ವಿಭಾಗ ಮಾಡಿದರು. ತರಾವು ಪೂರ್ತಿ ಕಟ್ಟಲು ಶಕ್ತಿ ಇರುವುದು ಭರ್ತಿ, ಇಲ್ಲದ್ದು ಕಂಭರ್ತಿ. ಎಲ್ಲರಿಗೂ ಒಂದೇ ಅಳತೆ ಹಾಕಿದ್ದು ಸರಿಯಾಗಿರಲಿಲ್ಲ ಅಂತ ಸರ್ಕಾರದ ದಫ್ತರವೇ ಒಪ್ಪಿದಂತೆ ಆಯಿತಲ್ಲ? ಅಷ್ಟು ಆಗಲಿಕ್ಕೆ ಅರ್ಜಿ, ಕೂಟ, ವಿಚಾರಣೆ ಎಲ್ಲ ಬೇಕಾಯ್ತು.

ಇದರ ನಂತರದ್ದು ನಿಮಗೆ ಗೊತ್ತಿರಬಹುದು. 1834ರಲ್ಲಿ ಕೊಡಗು ಕಂಪನಿಗೆ ಸೇರಿತು, ಸುಳ್ಯದ ಕಡೆಯ ಊರುಗಳನ್ನು ಕೆನರಾಕ್ಕೆ ಸೇರಿಸಿದರು. ಅಲ್ಲಿ ಅಲ್ಲಿಯವರೆಗೆ ಬೆಳೆಯಲ್ಲಿ ಕೊಡುತ್ತಿದ್ದ ತೆರಿಗೆಯನ್ನು ರೊಕ್ಕದಲ್ಲಿ ಕೇಳಿದರು. 1837ರ ಏಪ್ರಿಲ್ 5ರಂದು ಅಮರ ಸುಳ್ಯದ ಹೋರಾಟಗಾರರು ಮಂಗಳೂರಿಗೆ ಬಂದು ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ಜೈಲಿನಲ್ಲಿದ್ದವರನ್ನು ಬಿಟ್ಟರು, ಕಚೇರಿಗಳಿಗೆ ಬೆಂಕಿ ಇಟ್ಟರು. ಕೆಲವೇ ದಿನಗಳಲ್ಲಿ ಕಂಪನಿ ಅದನ್ನು ಅಡಗಿಸಿ, ಮುಂದಾಳುಗಳನ್ನು ಗಲ್ಲಿಗೇರಿಸಿತು. ಅದು ಬೇರೆ ಜನ, ಬೇರೆ ಕಾರಣ, ಕೂಟದ್ದೇ ಮುಂದುವರಿಕೆ ಅಂತ ನಾನು ಹೇಳೋದಿಲ್ಲ. ಆದರೆ ಕಲೆಕ್ಟರ ಊರು ಅದೇ, ಕಂದಾಯದ ಸಿಟ್ಟೂ ಅದೇ. ಬಾವುಟಗುಡ್ಡೆಯಲ್ಲಿ 2022ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ನಿಂತಿತು. ಅರ್ಜಿ ಬರೆದ ಮಂಜೇಶ್ವರದ ರೈತರಿಗೆ ಪ್ರತಿಮೆ ಇಲ್ಲ. ಅರ್ಜಿ ಕೊಡುವವರಿಗೆ ಯಾರು ಪ್ರತಿಮೆ ಕಟ್ಟುತ್ತಾರೆ, ಅಲ್ವಾ?

ಅವರ ಕಾಲದ ಕಾಗದಗಳು ಎಲ್ಲಿ ಉಂಟು? ಕೆನರಾ ಜಿಲ್ಲೆಯ ಆ ಕಾಲದ ಪತ್ರವ್ಯವಹಾರ ಚೆನ್ನೈಯ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಉಂಟು. ಯಾಕೆಂದರೆ ನಾವು 1956ರವರೆಗೆ ಮದ್ರಾಸಿಗೆ ಸೇರಿದ್ದೆವು. ಮಂಗಳೂರು–ಚೆನ್ನೈ ಮೇಲ್ ಹತ್ತಿದರೆ ಮರುದಿನ ಮುಟ್ಟಬಹುದು. ಇದೇ ಕಾಲದಲ್ಲಿ ಐರ್ಲೆಂಡಿನಲ್ಲೂ ಬ್ರಿಟಿಷ್ ಆಡಳಿತಕ್ಕೆ ಬಡವರು, ಗೇಣಿದಾರರು, ಕೈದಿಗಳು ಅರ್ಜಿ ಬರೆದರು. ಡಬ್ಲಿನ್ ಕೋಟೆಯ ಚೀಫ್ ಸೆಕ್ರೆಟರಿ ಕಚೇರಿಗೆ 1818ರಿಂದ ಬಂದ ಆ ಕಾಗದಗಳ ವಿವರವಾದ ಪಟ್ಟಿಯನ್ನು ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಆನ್‌ಲೈನಿನಲ್ಲಿ ಉಚಿತವಾಗಿ ಇಟ್ಟಿದೆ. ಡಬ್ಲಿನ್‌ನ ಹುಡುಗ ತನ್ನ ಅಜ್ಜನ ಊರಿನ ಹೆಸರು ಟೈಪ್ ಮಾಡಿ ಹುಡುಕಬಹುದು. ಕುಂಬಳೆಯ ಹುಡುಗನಿಗೂ ಹಾಗೆ ಹುಡುಕಲು ಸಿಗಬೇಕು ಅಂತ ನನ್ನ ಆಸೆ.

ಈಗ ಅಜ್ಜಿಯ ಪ್ರಶ್ನೆಗೆ ವಾಪಸ್ ಬರುವ. ಅದೇ ಕಿಟಕಿಗೆ ಹೋಗ್ಲಿಕ್ಕಾ?

ಹೋದೆವು. ಆದರೆ ಈ ಸಲ ಬೇರೆ ರೀತಿ. ವಿಚಾರಿಸಿದಾಗ ಗೊತ್ತಾಯ್ತು, ನಮ್ಮ ಊರಲ್ಲೇ ಇನ್ನೂ ಐದು ಮನೆಯವರ ಆರ್‌ಟಿಸಿಯಲ್ಲಿ ಇಂಥದ್ದೇ ತಪ್ಪು ಇತ್ತು. ಆರೂ ಮನೆಯವರು ಒಂದೇ ದಿನ ಹೋಗಿ ಕೊಟ್ಟೆವು. ಟಪಾಲು ವಿಭಾಗದ ಮುದ್ರೆ, ತಾರೀಕು, ನಂಬರು ಹಾಕಿಸಿದ ಪ್ರತಿ ಇಲ್ಲದೆ ಯಾರೂ ಅಲ್ಲಿಂದ ಕದಲಲಿಲ್ಲ. ಜೊತೆಗೆ ಮಾಹಿತಿ ಹಕ್ಕಿನಲ್ಲಿ ಒಂದು ಪ್ರಶ್ನೆ ಹಾಕಿದೆವು. 2005ರ ಕಾಯ್ದೆ, ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಬೇಕೆಂಬ ನಿಯಮ ಉಂಟು. ನಾವು ಕೇಳಿದ್ದು ಇಷ್ಟೇ: ಈ ನಂಬರಿನ ಅರ್ಜಿ ಯಾವ ತಾರೀಕಿಗೆ ಯಾರ ಮೇಜಿಗೆ ಹೋಯಿತು, ಅದರ ಮೇಲೆ ಅವರು ಬರೆದ ಟಿಪ್ಪಣಿಯ ಪ್ರತಿ ಕೊಡಿ. ಲೆಕ್ಕಪರಿಶೋಧನೆಯಲ್ಲಿ ಮೊದಲು ಕಲಿಸುವ ಪಾಠ ಇದು. ದುಡ್ಡು ಎಲ್ಲಿ ಹೋಯಿತು ಅಂತ ಕೂಗಬೇಡ, ವೋಚರ್ ಕೇಳು.

ಪ್ರತಿ ಬಂತು. ನಮ್ಮ ಅರ್ಜಿ ಒಂದೇ ಮೇಜಿನ ಮೇಲೆ 41 ದಿನ ಮಲಗಿತ್ತು. ಅದರ ಮೇಲೆ ಒಂದು ಅಕ್ಷರವೂ ಬರೆದಿರಲಿಲ್ಲ. ಆಮೇಲೆ ಕೆಲಸ ಆಯ್ತು, ಆರು ಮನೆಯದ್ದೂ. ಅಲ್ಲಿದ್ದವರು ಮೊದಲ ದಿನ ನಮ್ಮನ್ನು ಕೇಳಿದ್ದೇನು ಗೊತ್ತುಂಟಾ? "ನಿಮ್ಮನ್ನೆಲ್ಲ ಯಾರು ಕರ್ಕೊಂಡು ಬಂದದ್ದು?" ನಮ್ಮ ಅಜ್ಜಿ ಹೇಳಿದ್ರು, "ಆಟೋದವ."

ಅಷ್ಟೇ ಇವತ್ತಿಗೆ. ನಿಮ್ಮ ಮನೆಯ ಹಳೆ ಪೆಟ್ಟಿಗೆಯಲ್ಲಿ ಅಜ್ಜನ ಕಾಲದ ಅರ್ಜಿ, ರಸೀದಿ, ಪಟ್ಟೆ ಏನಾದರೂ ಇದ್ದರೆ ಬಿಸಾಡ್ಬೇಡಿ. ಒಣ ಜಾಗದಲ್ಲಿಡಿ, ಫೋಟೊ ತೆಗೆದಿಡಿ. ನಿಮ್ಮ ಸ್ವಂತ ಅರ್ಜಿ ಎಲ್ಲಾದರೂ ಸಿಕ್ಕಿಬಿದ್ದಿದ್ದರೆ ಪಕ್ಕದ ಮನೆಯವರನ್ನೂ ಒಮ್ಮೆ ಕೇಳಿ ನೋಡಿ. ಮುಂದಿನ ವಾರ ಸಿಗುವ. ಬರ್ಪೆ.