ಪಟ್ಟಿಯಲ್ಲಿ ಕಾಣುವುದು, ಡೇಟಾಬೇಸಿನಲ್ಲಿ ಇರುವುದು



ಶಾಲೆಯ ಕಂಪ್ಯೂಟರಿನಿಂದ ವಿದ್ಯಾರ್ಥಿವೇತನದ ಪಟ್ಟಿ ತೆಗೆದುಕೊಡುವ ಕೆಲಸ ನಿಮ್ಮ ಪಾಲಿಗೂ ಬಂದಿದ್ದರೆ, ಈ ಮಾತು ನಿಮಗಾಗಿಯೇ. ಕೆಲವು ವರ್ಷಗಳ ಹಿಂದೆ ನಾನು ಕಳುಹಿಸಿದ ಪಟ್ಟಿಯೊಂದು ವಾಪಸ್ಸು ಬಂತು. 2009ರ ಜೂನ್ 5ರಂದು ಹುಟ್ಟಿದ ಹುಡುಗಿ ಅದರಲ್ಲಿ ಮೇ 6ರವಳಾಗಿದ್ದಳು. ಡೇಟಾಬೇಸಿನಲ್ಲಿ ತಾರೀಖು ಸರಿಯಾಗಿಯೇ ಇತ್ತು. ನಾನು ಬರೆದ ಟೆಂಪ್ಲೇಟು ತಿಂಗಳನ್ನು ಮೊದಲು ಹಾಕಿ 06/05/2009 ಎಂದು ಮುದ್ರಿಸಿತ್ತು. ತಿದ್ದಿ ಕಳುಹಿಸುವಷ್ಟರಲ್ಲಿ ಕೊನೆಯ ದಿನ ಮುಗಿದಿತ್ತು. ತಪ್ಪು ನನ್ನದು, ನಷ್ಟ ಆ ಮಗುವಿನದು.

ನಾನು ಬಳಸುವುದು 2005ರಲ್ಲಿ ಬಿಡುಗಡೆಯಾದ ಜಾಂಗೋ. ಅದರಲ್ಲಿರುವ ಓಆರ್‌ಎಂ ಎಂಬ ವ್ಯವಸ್ಥೆ ಟೇಬಲ್ಲಿನ ಒಂದೊಂದು ಸಾಲನ್ನೂ ಒಂದೊಂದು ಆಬ್ಜೆಕ್ಟಾಗಿ ನಮ್ಮ ಕೈಗೆ ಕೊಡುತ್ತದೆ. ಅದನ್ನು ಹಾಗೆಯೇ ಮುದ್ರಿಸಿದರೆ ಮಗುವಿನ ಹೆಸರಿನ ಬದಲು ‘ಸ್ಟೂಡೆಂಟ್ ಆಬ್ಜೆಕ್ಟ್’ ಎಂದು ಬರುತ್ತದೆ! ಹೇಗೆ ಕಾಣಬೇಕೆಂದು ಹೇಳಬೇಕಾದವರು ನಾವು. ತಾರೀಖಿನಲ್ಲೂ ಅಷ್ಟೇ. ನಮಗೆ ಸಿಗುವುದು ವರ್ಷ, ತಿಂಗಳು, ದಿನ ಎಂಬ ಮೂರು ಸಂಖ್ಯೆಗಳು. ನಡುವಿನ ಗೆರೆಯಾಗಲಿ ಯಾವುದು ಮೊದಲೆಂಬುದಾಗಲಿ ಅದರೊಳಗೆ ಇರುವುದಿಲ್ಲ. ಟೆಂಪ್ಲೇಟಿನ ‘ಡೇಟ್’ ಫಿಲ್ಟರಿಗೆ ಅದನ್ನು ನಾವೇ ತಿಳಿಸಬೇಕು.

ಇದರಿಂದ ಬೇಸತ್ತು ಕೆಲವರು ತಾರೀಖನ್ನು ಬೇಕಾದ ರೂಪದ ಅಕ್ಷರಗಳಾಗಿಯೇ ಡೇಟಾಬೇಸಿನಲ್ಲಿ ಉಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ವಯಸ್ಸಿನ ಪ್ರಕಾರ ಜೋಡಿಸಲು ಹೋದಾಗ 01-12-2009 ಎಂಬುದು 15-03-2008ಕ್ಕಿಂತ ಮೊದಲು ಬಂದು ಕೂರುತ್ತದೆ. ಅಕ್ಷರಗಳ ಲೆಕ್ಕದಲ್ಲಿ ಸೊನ್ನೆ ಒಂದಕ್ಕಿಂತ ಮುಂಚೆಯಲ್ಲವೇ? ಹಣದ್ದೂ ಇದೇ ಕಥೆ. ಒಳಗೆ 125000 ಇರಲಿ, 1,25,000 ಎಂಬ ಅಲ್ಪವಿರಾಮಗಳು ಕಾಗದದ ಮೇಲೆ ಮಾತ್ರ ಇರಲಿ.

ಹೆಸರಿನ ವಿಷಯದಲ್ಲಿ ನಮ್ಮ ಬೈಲಕುಪ್ಪೆಯೇ ದೊಡ್ಡ ಪಾಠಶಾಲೆ. ಕಾಲಂ ಚಿಕ್ಕದೆಂದು ಮೊದಲ ಪದವನ್ನಷ್ಟೇ ಮುದ್ರಿಸಿದಿರೋ, ಟಿಬೆಟನ್ ಕ್ಯಾಂಪಿನ ಮಕ್ಕಳಲ್ಲಿ ಎಷ್ಟೋ ಮಂದಿ ಬರೀ ‘ತೆನ್ಜಿನ್’ ಆಗಿಬಿಡುತ್ತಾರೆ, ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಬರೀ ‘ಮೊಹಮ್ಮದ್’. ತಂದೆಯ ಹೆಸರಿನಿಂದ ಇನಿಶಿಯಲ್ ಕಟ್ಟುವುದು ಎಲ್ಲರಿಗೂ ಹೊಂದುವುದಿಲ್ಲ. ಪೂರ್ತಿ ಹೆಸರು ಡೇಟಾಬೇಸಿನಲ್ಲಿ ಭದ್ರವಾಗಿರಲಿ, ಮೊಟಕುಗೊಳಿಸುವುದಿದ್ದರೆ ಆ ಒಂದು ಪಟ್ಟಿಯಲ್ಲಿ ಮಾಡಿ.

ಉರ್ದು ಹೆಸರಿದ್ದರೆ ಇನ್ನೊಂದು ಎಚ್ಚರಿಕೆ. ಯುನಿಕೋಡ್ ಅಕ್ಷರಗಳನ್ನು ಓದುವ ಕ್ರಮದಲ್ಲೇ ಇಡುತ್ತದೆ. ಬಲದಿಂದ ಎಡಕ್ಕೆ ತೋರಿಸುವುದು ಪರದೆಯ ಕೆಲಸ. ಸರಿಯಾಗಿ ಕಾಣಲೆಂದು ಅಕ್ಷರಗಳನ್ನು ತಿರುಗಿಸಿ ಉಳಿಸಿದರೆ, ಮುಂದೆ ಆ ಹೆಸರು ಹುಡುಕಿದರೂ ಸಿಗುವುದಿಲ್ಲ.

ಈಗ ನನ್ನ ಪಟ್ಟಿಗಳಲ್ಲಿ ತಿಂಗಳನ್ನು ಅಕ್ಷರದಲ್ಲೇ ಮುದ್ರಿಸುತ್ತೇನೆ: 05 ಜೂನ್ 2009. ಕಾಲಂ ಸ್ವಲ್ಪ ಅಗಲವಾಗುತ್ತದೆ, ಆಗಲಿ.