ಔಷಧಿಯ ಬೂಷ್ಟು, ಕಣಜದ ಬೂಷ್ಟು



ಮೊನ್ನೆ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ಕೇಳಿದರು: "ಪೆನಿಸಿಲಿನ್ ಬೂಷ್ಟಿನಿಂದ ಮಾಡ್ತಾರಂತಲ್ಲ ಸ್ವಾಮಿ, ಬೂಷ್ಟು ಹಿಡಿದ ಮುಸುಕಿನ ಜೋಳ ದನಕ್ಕೆ ಹಾಕಿದ್ರೆ ಒಳ್ಳೇದೇ ಅಲ್ವೆ?" ಕೇಳಿದ್ದು ಒಳ್ಳೆಯದಾಯಿತು.

ಪೆನಿಸಿಲಿನ್ ಬೂಷ್ಟಿನದೇ, ನಿಜ. 1928ರಲ್ಲಿ ಲಂಡನ್ನಿನಲ್ಲಿ ಫ್ಲೆಮಿಂಗ್ ಅದನ್ನು ಕಂಡರು. ಆದರೆ ಸಿಗುತ್ತಿದ್ದುದು ಚಿಟಿಕೆಯಷ್ಟು. 1941ರಲ್ಲಿ ಅಮೆರಿಕದ ಪಿಯೋರಿಯಾ ಊರಿನ ಪ್ರಯೋಗಾಲಯದವರು, ಪಿಷ್ಟ ತೆಗೆಯಲು ಮುಸುಕಿನ ಜೋಳ ನೆನೆಸಿ ಉಳಿದ ನೀರನ್ನು ಬೂಷ್ಟಿಗೆ ಉಣಿಸಿದರು. ಇಳುವರಿ ಹಲವು ಪಟ್ಟು ಏರಿತು. ಯಾರಿಗೂ ಬೇಡವಾಗಿದ್ದ ನೀರು ನೋಡಿ! 1943ರಲ್ಲಿ ಅದೇ ಊರಿನ ಬೂಷ್ಟು ಹಿಡಿದ ಕರಬೂಜದ ಮೇಲೆ ಇನ್ನೂ ಒಳ್ಳೆಯ ತಳಿ ಸಿಕ್ಕಿತು. ನಾವು ಬಿತ್ತನೆ ಬೀಜ ಆರಿಸುವಂತೆ ಅವರು ತಳಿ ಆರಿಸಿ, ದೊಡ್ಡ ತೊಟ್ಟಿಗಳಲ್ಲಿ ಶುದ್ಧ ಗಾಳಿ ಊದಿ ಹುದುಗಿಸಿ, ಔಷಧಿಯನ್ನು ಬೇರ್ಪಡಿಸುತ್ತಾರೆ.

ಕಣಜದ ಬೂಷ್ಟಿನ ಮಾತೇ ಬೇರೆ. ಅದರಲ್ಲಿ ಅಫ್ಲಟಾಕ್ಸಿನ್ ಎಂಬ ವಿಷವಿರಬಹುದು. ಬೇಯಿಸಿದರೂ ಪೂರ್ತಿ ಹೋಗದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಹಳ್ಳಿಗಳಲ್ಲಿ ಅಂಥ ಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ಹಸುವಿಗೆ ಹಾಕಿದರೆ ಹಾಲಿಗೂ ಇಳಿಯುತ್ತದೆ. ದನಕ್ಕೂ ಬೇಡ, ಕೋಳಿಗೂ ಬೇಡ. ತೆನೆಯನ್ನು ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಕಾಳು ಕಚ್ಚಿದರೆ ಕಟಕ್ಕನೆ ಒಡೆಯಬೇಕು. ಆಮೇಲೆ ಚೀಲಕ್ಕೆ ತುಂಬಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲಿಡಿ.