ಅಕ್ಕನ ಪಾಟಿಚೀಲ



ಕಲ್ಲಿದ್ದಲು ಗಣಿಯ ಊರುಗಳಲ್ಲಿ ಹುಟ್ಟಿದ ಅಕ್ಕತಮ್ಮಂದಿರು ಹೇಗಾದರೂ ಅಲ್ಲಿಂದ ಪಾರಾಗಬೇಕೆಂದು ಹಂಬಲಿಸುವ ಕಥೆಗಳನ್ನು ನೀವು ಓದಿರಬಹುದು. ಅಪ್ಪ ಇಳಿದ ಗಣಿಗೇ ಮಗನೂ ಇಳಿಯಬೇಕು ಎನ್ನುವುದು ಅಲ್ಲಿಯ ಕಟ್ಟಳೆ. ನಮ್ಮ ಸಗರನಾಡಿನಲ್ಲಿ ಕಲ್ಲಿದ್ದಲಿಲ್ಲ. ಇಲ್ಲಿ ಆ ಕಟ್ಟಳೆಗೆ ಗುಳೆ ಎಂದು ಹೆಸರು.

ಹಾಗೆಂದು ಇದು ನದಿಯೇ ಇಲ್ಲದ ನಾಡಲ್ಲ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ಭೀಮೆ. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆ ಸುರಪುರ, ಶಹಾಪುರಗಳತ್ತ ಹರಿಯಿತು. ಕಾಲುವೆಯ ಹಿಂದೆ ಭತ್ತ ಬಂತು, ಭತ್ತದ ಕಸುಬು ಬಲ್ಲ ಆಂಧ್ರದ ರೈತರ ಕ್ಯಾಂಪುಗಳೂ ಬಂದವು. (ಬಂದವರನ್ನು ದೂರುತ್ತಿಲ್ಲ, ಅವರೂ ಊರು ಬಿಟ್ಟವರೇ.) ಆದರೆ ಕಾಲುವೆಯ ತುದಿಯಲ್ಲಿರುವವನಿಗೆ, ಮಳೆ ನಂಬಿದ ಎರಡೆಕರೆಯವನಿಗೆ ತೊಗರಿ ರಾಶಿ ಮುಗಿದ ಮೇಲೆ ಕೆಲಸವಿಲ್ಲ.

ಆಗ ಮೇಸ್ತ್ರಿ ಮುಂಗಡ ಕೊಡುತ್ತಾನೆ. ಅದು ಮದುವೆಗೋ ಹಳೆಯ ಸಾಲಕ್ಕೋ ಕರಗುತ್ತದೆ. ಬೆಂಗಳೂರು, ಪುಣೆ, ಮುಂಬೈಗಳ ಕಟ್ಟಡಗಳಲ್ಲಿ ದುಡಿದು ತೀರಿಸಬೇಕು. ಹೊರಡುವ ಮುನ್ನ ಮನೆಯಲ್ಲಿ ಮಕ್ಕಳ ಹಂಚಿಕೆ ನಡೆಯುತ್ತದೆ. ತಮ್ಮ ಆಯಿಯ ಹತ್ತಿರ ಉಳಿದು ಸಾಲಿಗೆ ಹೋಗಲಿ, ಕೂಸು ನೋಡಿಕೊಳ್ಳಲು ಅಕ್ಕ ಬರಲಿ. ಹತ್ತು ವರ್ಷದ ಹುಡುಗಿ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಮುಂಗಾರಿಗೆ ಊರಿಗೆ ಮರಳಿದಾಗ ಜೊತೆಯ ಹುಡುಗಿಯರು ಮುಂದಿನ ತರಗತಿಯಲ್ಲಿ ಕುಳಿತಿರುತ್ತಾರೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇಕಡ 51.83, ರಾಜ್ಯದಲ್ಲೇ ಕಡಿಮೆ. ಅಕ್ಷರ ಬಲ್ಲ ಗಂಡಸರು ನೂರಕ್ಕೆ ಸುಮಾರು 62, ಹೆಂಗಸರು 41. ನಡುವಿನ ಅಂತರವೆಲ್ಲ ಗುಳೆಯಿಂದಲೇ ಆದದ್ದಲ್ಲ. ಬಾಲ್ಯವಿವಾಹವಿದೆ, ದೂರದ ಪ್ರೌಢಶಾಲೆಯಿದೆ. ಆದರೂ ಆ ಹಂಚಿಕೆಯ ಲೆಕ್ಕ ಅದರಲ್ಲಿ ಸೇರಿದೆ.

ನಾನು ಗಮನಿಸಿದ ಒಂದು ಸಂಗತಿ ಇದು. ತಮ್ಮನಿಗೆ ಪಾರಾಗುವುದೆಂದರೆ ಓದು ಮುಗಿಸಿ ಊರು ಬಿಡುವುದು. ಅಕ್ಕನಿಗೆ ಹಾಗಲ್ಲ. ಅವಳು ಈಗಾಗಲೇ ಮಹಾನಗರ ಕಂಡವಳು, ಹತ್ತನೇ ಮಹಡಿಗೆ ಬುತ್ತಿ ಒಯ್ದವಳು. ಅವಳ ಹಂಬಲ ಊರಲ್ಲೇ ಉಳಿಯುವುದು, ಪಾಟಿಚೀಲದ ಜೊತೆಗೆ.

ಇದಕ್ಕೆ ದಾರಿ ಇಲ್ಲದಿಲ್ಲ. 2004ರಲ್ಲಿ ಆರಂಭವಾದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ಇಂಥ ಹುಡುಗಿಯರಿಗೆಂದೇ ಇವೆ. ಗುಳೆ ಹೋದವರ ಮಕ್ಕಳಿಗಾಗಿ ಋತುಮಾನದ ವಸತಿ ಶಾಲೆಗಳ ಯೋಜನೆಯೂ ಬಂದಿದೆ. ಆದರೆ ಶಾಲೆಯ ದಾಖಲಾತಿ ನಡೆಯುವುದು ಜೂನ್ ತಿಂಗಳಲ್ಲಿ, ಎಲ್ಲರೂ ಊರಲ್ಲಿದ್ದಾಗ. ಬಸ್ಸು ಹೊರಡುವುದು ಸಂಕ್ರಾಂತಿ ಕಳೆದ ಮೇಲೆ. ಆ ವಾರ ಬಸ್ ನಿಲ್ದಾಣಕ್ಕೆ ಹೋಗಿ ನಿಲ್ಲುವ ಮೇಷ್ಟ್ರು ಬೇಕು.